ಟ್ಯಾಬ್ ತನ್ನಷ್ಟಕ್ಕೇ ಒತ್ತಿಕೊಳ್ಳುತ್ತಿದೆ, ಯಾರಾದ್ರೂ ದಾರಿ ಹೇಳಿ

ಕೋಡಿಬಾಗ್_ಕಿರಾಣಿ:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಟ್ಯಾಬ್ ಪರದೆ ತನ್ನಷ್ಟಕ್ಕೇ ಒತ್ತಿಕೊಳ್ಳುತ್ತಿದೆ. ಯಾರೂ ಮುಟ್ಟದೇ ಕ್ಯಾಲ್ಕುಲೇಟರ್ ತೆರೆಯುತ್ತದೆ, ಮುಚ್ಚುತ್ತದೆ. ನಿನ್ನೆ ಅರ್ಧ ಕೆಜಿ ಸಕ್ಕರೆ ತಗೊಂಡವರಿಗೆ 5 ಕೆಜಿ ಬಿಲ್ ಬಂತು. ಹೊಸ ಗ್ಲಾಸ್ ಹಾಕಿ ಎರಡು ವಾರ ಕೂಡ ಆಗಿಲ್ಲ. ರೀಸೆಟ್ ಮಾಡಿ ಆಯ್ತು, ಒರೆಸಿ ಆಯ್ತು. ರಿಪೇರಿ ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ಅಪ್ಪನ ಬೈಗುಳ ಕೇಳಿ ಸಾಕಾಗಿದೆ. ಬೇಗ ಹೇಳಿ.

ಬೈತಖೋಲ್_ಬೆಸುಗೆ:
ಮಾಡೆಲ್ ಯಾವುದು?

ಕೋಡಿಬಾಗ್_ಕಿರಾಣಿ:
ಹತ್ತು ಇಂಚಿನದು. ಕಪ್ಪು.

ಬೈತಖೋಲ್_ಬೆಸುಗೆ:
ಕಪ್ಪು ಅನ್ನೋದು ಮಾಡೆಲ್ ಅಲ್ಲ ಮಾರಾಯ್ರೆ. ಹಿಂದಿನ ಲೇಬಲ್ ಫೋಟೋ ಹಾಕಿ.

ಶಿರಸಿ_ಹೆಗಡೆ:
ಮಾಡೆಲ್ ಯಾವುದಾದರೂ ಇರಲಿ. ನನ್ನದು ಒಂದೇ ಪ್ರಶ್ನೆ. ಚಾರ್ಜಿಗೆ ಹಾಕಿದಾಗ ಮಾತ್ರ ಹೀಗಾಗುತ್ತದೋ, ತೆಗೆದಾಗಲೂ ಆಗುತ್ತದೋ?

ಕೋಡಿಬಾಗ್_ಕಿರಾಣಿ:
ತೆಗೆದು ನೋಡಿಲ್ಲ. ಲೇಬಲ್ ಫೋಟೋ ಹಾಕಿದ್ದೇನೆ.

ಶಿರಸಿ_ಹೆಗಡೆ:
ಅಲ್ಲೇ ಇದೆ ನೋಡಿ. ಇದು ಅರ್ಥಿಂಗ್ ಸಮಸ್ಯೆ. ನಮ್ಮ ಮನೆಯಲ್ಲಿ ಇದೇ ಕಥೆ ಆಗಿತ್ತು. ಮಳೆಗಾಲ ಅಂದ್ರೆ ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಲೆಕ್ಕ ಇಡೋದು ಬಿಟ್ಟಿದ್ದೇವೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮಗಳ ಟ್ಯಾಬ್ ಚಾರ್ಜಿಗೆ ಹಾಕಿದರೆ ಪರದೆ ಕುಣಿಯುತ್ತಿತ್ತು. ಕೇಬಲ್ ತೆಗೆದ ಕೂಡಲೇ ಸರಿ. ಈ ಟಚ್ ಪರದೆ ಕೆಲಸ ಮಾಡೋದೇ ನಮ್ಮ ಬೆರಳಿನಿಂದ ಆಗುವ ಸಣ್ಣ ಕೆಪಾಸಿಟೆನ್ಸ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಗುಣ) ವ್ಯತ್ಯಾಸ ಅಳೆದು. ಚಾರ್ಜರಿನಿಂದ ಕರೆಂಟಿನ ಗಲಾಟೆ ಒಳಗೆ ಬಂದರೆ ಅದಕ್ಕೆ ಬೆರಳು ಯಾವುದು, ಗಲಾಟೆ ಯಾವುದು ಅಂತ ಗೊತ್ತಾಗುವುದಿಲ್ಲ. ಮೊದಲು ಅರ್ಥಿಂಗ್ ಗುಂಡಿ ನೋಡಿಸಿ. ಇದ್ದಿಲು, ಉಪ್ಪು ಹಾಕಿ ಎಷ್ಟು ವರ್ಷ ಆಯ್ತು?

ಯಲ್ಲಾಪುರ_ಅಟ್ಟ:
ಅರ್ಥಿಂಗೂ ಅಲ್ಲ, ಎಂತದೂ ಅಲ್ಲ. ಕಾಪಿ ಗ್ಲಾಸ್. ಎರಡು ವಾರದ ಹಿಂದೆ ಹಾಕಿದ್ದು ಅಂತ ಅವರೇ ಹೇಳಿದ್ದಾರಲ್ಲ. ಅಗ್ಗದ ಟಚ್ ಗ್ಲಾಸ್‌ಗಳಲ್ಲಿ ಅರ್ಧಕ್ಕರ್ಧ ಹೀಗೇ. ನಾನು ಗ್ಲಾಸ್ ಬಂದ ಕೂಡಲೇ ಅಂಟಿಸುವುದಿಲ್ಲ. ಕೇಬಲ್ ಸಿಕ್ಕಿಸಿ, ಹೊರಗೇ ಇಟ್ಟು ಒಂದು ದಿನ ಓಡಿಸಿ ನೋಡುತ್ತೇನೆ. ನನ್ನ ಬೆಂಚ್ ಅಡಿಕೆ ಇಡುವ ಅಟ್ಟದ ಮೇಲೆ. ಹಾಟ್ ಏರ್ ಸ್ಟೇಷನ್ ಇದೆ, ಟಿ12 ಸೋಲ್ಡರಿಂಗ್ ಐರನ್ ಇದೆ, ಕಳೆದ ದೀಪಾವಳಿಗೆ ಮೈಕ್ರೋಸ್ಕೋಪ್ ತಗೊಂಡೆ. ಫೋಟೋ ಹಾಕಿದ್ದೇನೆ ನೋಡಿ.

ಬೈತಖೋಲ್_ಬೆಸುಗೆ:
ಫೋಟೋದಲ್ಲಿ ಮೈಕ್ರೋಸ್ಕೋಪಿಗಿಂತ ಅಡಿಕೆ ಚೀಲವೇ ಜಾಸ್ತಿ ಕಾಣುತ್ತಿದೆ.

ಯಲ್ಲಾಪುರ_ಅಟ್ಟ:
ಅದರಿಂದಲೇ ಮೈಕ್ರೋಸ್ಕೋಪ್ ಬಂದದ್ದು ಸ್ವಾಮಿ.

ಅಂಕೋಲಾ_ಅಲೆ:
ಮಳೆಗಾಲದ ಪಸೆ ಇರಬೇಕು. ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ.

ಬೈತಖೋಲ್_ಬೆಸುಗೆ:
ಜುಲೈನಲ್ಲಿ ಕಾರವಾರದಲ್ಲಿ ಅಕ್ಕಿಗೇ ಬೂಷ್ಟು ಹಿಡಿಯುತ್ತದೆ. ಅದು ಇನ್ನೊಬ್ಬರ ಪಸೆ ಎಳೆಯುತ್ತದಾ? ಬೋಟ್‌ಗಳ ಜಿಪಿಎಸ್, ಫಿಶ್ ಫೈಂಡರ್ ರಿಪೇರಿ ಮಾಡಿಯೇ ನಾನು ಹೊಟ್ಟೆ ಹೊರೆಯೋದು. ಉಪ್ಪು ಗಾಳಿಗೆ ಕನೆಕ್ಟರ್ ಹಸಿರು ಬಂದರೆ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್, ಹಾಕಿ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ಅಕ್ಕಿ ಅನ್ನಕ್ಕೆ.

ಅಂಕೋಲಾ_ಅಲೆ:
ನನ್ನ ಫೋನ್ ಅಕ್ಕಿಯಿಂದಲೇ ಸರಿ ಆಗಿದೆ. ಸುಮ್ನೆ ಎಲ್ಲಾ ತಿಳಿದವರ ಹಾಗೆ ಮಾತಾಡಬೇಡಿ.

ಬೈತಖೋಲ್_ಬೆಸುಗೆ:
ಎರಡು ದಿನ ಆಫ್ ಮಾಡಿ ಇಟ್ಟಿದ್ದರಿಂದ ಸರಿ ಆಗಿದೆ. ಕಪಾಟಿನಲ್ಲಿಟ್ಟಿದ್ದರೂ ಆಗುತ್ತಿತ್ತು.

ಯಲ್ಲಾಪುರ_ಅಟ್ಟ:
ಪಸೆ ತೆಗೆಯೋಕೆ ಅಡಿಕೆ ಡ್ರೈಯರ್ ಬೆಸ್ಟ್. ಒಂದು ರಾತ್ರಿ ಇಟ್ಟರೆ ಸಾಕು.

ಬೈತಖೋಲ್_ಬೆಸುಗೆ:
ಒಳಗೆ ಲಿಥಿಯಂ ಬ್ಯಾಟರಿ ಇದೆ. 60 ಡಿಗ್ರಿ ದಾಟಿದರೆ ಅದಕ್ಕೆ ಆಗಿಬರುವುದಿಲ್ಲ. ನಿಮ್ಮ ಡ್ರೈಯರ್ ಎಷ್ಟಕ್ಕೆ ಓಡುತ್ತದೆ?

ಯಲ್ಲಾಪುರ_ಅಟ್ಟ:
ತಮಾಷೆಗೆ ಹೇಳಿದ್ದು.

ಕೋಡಿಬಾಗ್_ಕಿರಾಣಿ:
ಹೆಗಡೆಯವರೇ, ಹತ್ತು ನಿಮಿಷ ಕೇಬಲ್ ತೆಗೆದು ನೋಡಿದೆ. ಸ್ವಲ್ಪ ಕಡಿಮೆ ಆದ ಹಾಗೆ ಅನ್ನಿಸ್ತು. ಆದ್ರೆ ಎಡಗಡೆ ಇನ್ನೂ ಒತ್ತಿಕೊಳ್ಳುತ್ತಿದೆ.

ಶಿರಸಿ_ಹೆಗಡೆ:
ಕಡಿಮೆ ಆಯ್ತಲ್ಲ! ಅಷ್ಟೇ ಸಾಕು. ಸಮುದ್ರದ ಬದಿಯ ಚಿರೇಕಲ್ಲು ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಕೂರೋದೇ ಕಷ್ಟ. ಗುಂಡಿಗೆ ಎರಡು ಕೊಡ ನೀರು ಹಾಕಿ ಮತ್ತೆ ನೋಡಿ.

ಬೈತಖೋಲ್_ಬೆಸುಗೆ:
ಕಾರವಾರದಲ್ಲಿ ಜುಲೈನಲ್ಲಿ ಗುಂಡಿಗೆ ನೀರು ಹಾಕಬೇಕಾ? ಅದಿರಲಿ, ಟ್ಯಾಬ್ ಚಾರ್ಜರಿಗೆ ಇರೋದು ಎರಡೇ ಪಿನ್. ಅದಕ್ಕೆ ಅರ್ಥಿಂಗ್ ಎಲ್ಲಿಂದ ಬಂತು ಹೆಗಡೆಯವರೇ?

ಶಿರಸಿ_ಹೆಗಡೆ:
ಎರಡು ಪಿನ್ ಅಂತಲೇ ನಾನು ಹೇಳ್ತಾ ಇರೋದು. ಆ ಚಾರ್ಜರ್ ಒಳಗೆ ಗಲಾಟೆ ತಗ್ಗಿಸೋಕೆ ವೈ ಕೆಪಾಸಿಟರ್ ಅಂತ ಒಂದು ಭಾಗ ಇರುತ್ತದೆ. ಅದರ ಮೂಲಕ ಸಣ್ಣ ಕರೆಂಟ್ ಲೀಕೇಜ್ ಬರುತ್ತದೆ. ಲೋಹದ ಬಾಡಿ ಮುಟ್ಟಿದರೆ ಜುಂ ಅನ್ನುತ್ತದಲ್ಲ, ಅದೇ.

ಬೈತಖೋಲ್_ಬೆಸುಗೆ:
ಅದು ಸರಿ. ಆದ್ರೆ ಅದಕ್ಕೆ ಒಳ್ಳೆ ಚಾರ್ಜರ್ ಬದಲಿಸಬೇಕು. ಮೂರನೇ ಪಿನ್ನೇ ಇಲ್ಲದ್ದಕ್ಕೆ ಉಪ್ಪು, ಇದ್ದಿಲು ಹಾಕಿ ಏನು ಪ್ರಯೋಜನ?

(ಇದೇ ವಿಷಯ ಇನ್ನೂ ಹದಿನಾಲ್ಕು ಉತ್ತರ ನಡೆಯಿತು. ಬೇರೆ ಚರ್ಚೆಗೆ ಸರಿಸಿದ್ದೇನೆ. ಅರ್ಥಿಂಗ್ ಬಗ್ಗೆ ಮಾತಾಡುವವರು ಅಲ್ಲಿಗೆ ಹೋಗಿ. – ನಿರ್ವಾಹಕ)

ಕುಮಟಾ_ಅಕ್ಕೋರು:
ನಾನು ನಡುವೆ ಬರಬಹುದಾ? ಇವರು "ಎಡಗಡೆ" ಅಂದದ್ದನ್ನು ಯಾರೂ ಗಮನಿಸಿಲ್ಲ. ಚಾರ್ಜರ್ ಗಲಾಟೆ ಆಗಿದ್ದರೆ ಕೇಬಲ್ ತೆಗೆದ ಮೇಲೆ ಎಡಗಡೆ ಯಾಕೆ ಉಳಿಯುತ್ತದೆ? ತಮ್ಮಾ, ಒಂದು ಕೆಲಸ ಮಾಡು. ಉಕ್ಕಿನ ಸ್ಕೇಲ್ ತಗೋ. ಟ್ಯಾಬ್ ಮೇಜಿನ ಮೇಲಿಟ್ಟು, ಸ್ಕೇಲಿನ ಅಂಚನ್ನು ಗ್ಲಾಸಿನ ಮೇಲೆ ಅಡ್ಡಡ್ಡ ನಿಲ್ಲಿಸು. ಹಿಂದಿನಿಂದ ಟಾರ್ಚ್ ಬಿಡು. ಸ್ಕೇಲಿನ ಅಡಿಯಲ್ಲಿ ಬೆಳಕು ಎಲ್ಲಿ ಕಾಣುತ್ತದೆ, ಎಲ್ಲಿ ಕಾಣುವುದಿಲ್ಲ, ಅಷ್ಟು ಹೇಳು. ಇನ್ನೊಂದು, ಗ್ಲಾಸ್ ಹಾಕಿದ್ದು ಯಾರು?

ಕೋಡಿಬಾಗ್_ಕಿರಾಣಿ:
ಗ್ಲಾಸ್ ನಾನೇ ಹಾಕಿದ್ದು. ವಿಡಿಯೋ ನೋಡಿ. ಹೇಳಿದ್ದೆನಲ್ಲ?

ಸ್ಕೇಲ್ ಇಟ್ಟೆ ಅಕ್ಕೋರೇ. ಎಡಭಾಗದಲ್ಲಿ ಗ್ಲಾಸ್ ಸ್ಕೇಲಿಗೆ ತಾಗುತ್ತದೆ, ಅದರ ಎರಡೂ ಕಡೆ ಬೆಳಕು ಕಾಣುತ್ತದೆ. ಬಲಗಡೆ ಅಂಚಿನ ಹತ್ತಿರ ಬೆರಳುಗುರು ಹೋಗುವಷ್ಟು ಸಂದು. ಎಡಗಡೆ ಮೊದಲಿಂದಲೂ ಗ್ಲಾಸ್ ಕೂರುತ್ತಲೇ ಇರಲಿಲ್ಲ. ಅದಕ್ಕೆ ಅಲ್ಲಿ ಡಬಲ್ ಟೇಪ್ ಎರಡು ಪದರ ಹಾಕಿ, ರಾತ್ರಿಯಿಡೀ ಮೇಲೆ 5 ಕೆಜಿ ಅಕ್ಕಿ ಚೀಲ ಇಟ್ಟಿದ್ದೆ.

ಬೈತಖೋಲ್_ಬೆಸುಗೆ:
ಅಯ್ಯೋ ದೇವರೇ. ಅಂಗಡಿಯಲ್ಲಿ ಅದು ಎಲ್ಲಿರುತ್ತದೆ? ದಿನಕ್ಕೆ ಎಷ್ಟು ಹೊತ್ತು ಚಾರ್ಜಿನಲ್ಲಿ?

ಕೋಡಿಬಾಗ್_ಕಿರಾಣಿ:
ಫ್ರಿಜ್ ಮೇಲೆ, ಗೋಡೆಗೆ ಸ್ಟ್ಯಾಂಡ್ ಹೊಡೆದು ಕೂರಿಸಿದ್ದೇವೆ. ಬಿಲ್ಲಿಂಗ್ ಟ್ಯಾಬ್ ಅಲ್ವಾ, ಯಾವಾಗಲೂ ಚಾರ್ಜಿನಲ್ಲೇ. ಎರಡು ವರ್ಷದಿಂದ ಕೇಬಲ್ ತೆಗೆದದ್ದೇ ಇಲ್ಲ. ಇದೂ ಹೇಳಬೇಕಿತ್ತಾ?

ಕುಮಟಾ_ಅಕ್ಕೋರು:
ಈಗಲೇ ಕೇಬಲ್ ತೆಗಿ. ಆಫ್ ಮಾಡು. ಮತ್ತೆ ಚಾರ್ಜಿಗೆ ಹಾಕಬೇಡ. ಬ್ಯಾಟರಿ ಉಬ್ಬಿದೆ. ಸದಾ ನೂರರಲ್ಲಿ ಇಟ್ಟು, ಕೆಳಗಿನಿಂದ ಫ್ರಿಜ್ ಬಿಸಿಯನ್ನೂ ಕೊಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಒಳಗಿನ ದ್ರಾವಣ ಒಡೆದು ಗ್ಯಾಸ್ ಆಗುತ್ತದೆ. ಹಿಂಬದಿ ಲೋಹದ್ದು, ಅದು ಬಗ್ಗುವುದಿಲ್ಲ. ಅದಕ್ಕೇ ಪರದೆಯನ್ನು ಒಳಗಿನಿಂದ ದೂಡುತ್ತಿದೆ. ಟಚ್ ಅದನ್ನು ಬೆರಳು ಅಂದುಕೊಳ್ಳುತ್ತಿದೆ. ನಮ್ಮ ಶಾಲೆಯ ಎರಡು ಟ್ಯಾಬ್ ಹೀಗೇ ಹೋದವು. ಮೊದಲ ಗ್ಲಾಸ್ ಒಡೆದದ್ದು ಹೇಗೆ?

ಕೋಡಿಬಾಗ್_ಕಿರಾಣಿ:
ತಾನಾಗಿಯೇ ಮೂಲೆಯಿಂದ ಗೆರೆ ಬಿಟ್ಟಿತ್ತು. ತಂಗಿ ಬೀಳಿಸಿದ್ದಾಳೆ ಅಂತ ಎಲ್ಲ ಸೇರಿ ಅವಳಿಗೆ ಬೈದಿದ್ದೆವು.

ಯಲ್ಲಾಪುರ_ಅಟ್ಟ:
ನಾನೂ ಬ್ಯಾಟರಿ ಅಂತಲೇ ಅಂದುಕೊಂಡಿದ್ದೆ.

ಶಿರಸಿ_ಹೆಗಡೆ:
ಎಲ್ಲಿ ಬರೆದಿದ್ದೀರಿ?

ಬೈತಖೋಲ್_ಬೆಸುಗೆ:
ಜಗಳ ಆಮೇಲೆ. ಕಿರಾಣಿಯವರೇ, ತೆರೆಯೋದಾದ್ರೆ ಇದನ್ನು ಪೂರ್ತಿ ಓದಿ.

ಚಾರ್ಜ್ 25ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಈಗ ನೂರಿದ್ದರೆ ಕೇಬಲ್ ಇಲ್ಲದೇ, ಅಂಗಳದ ಕಟ್ಟೆ ಮೇಲೆ, ನಿಮ್ಮ ಕಣ್ಣೆದುರಿಗೇ ಇಟ್ಟು ಇಳಿಸಿ. ಬಿಸಿ ಆಗತೊಡಗಿದರೆ ಕೂಡಲೇ ಆಫ್ ಮಾಡಿ ದೂರ ನಿಲ್ಲಿ. ಹತ್ತಿರ ಒಂದು ಬಕೆಟ್ ಒಣ ಮರಳು ಇರಲಿ. ನೀವು ಹಾಕಿದ್ದು ಟೇಪ್, ಕಂಪನಿ ಅಂಟಲ್ಲ, ಹಾಗಾಗಿ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಅಂಚಿಗೆ ಮಾತ್ರ ಹಿಡಿದರೆ ಸಾಕು. ಹಿಂಬದಿಗೆ ಬಿಸಿ ಕೊಡಲೇಬೇಡಿ. ಬಲಗಡೆಯಿಂದ ಎಬ್ಬಿಸಿ. ಒಳಗೆ ಹೋದ ಕೂಡಲೇ ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ, ಬೇರೆ ಎಲ್ಲ ಆಮೇಲೆ.

ಬ್ಯಾಟರಿಯನ್ನು ಕೆಳಗೆ ಅಂಟಿನಿಂದ ಕೂರಿಸಿರುತ್ತಾರೆ. ಅಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಚೀಲ ತೂತು, ಆಮೇಲೆ ಬೆಂಕಿ. 99 ಪರ್ಸೆಂಟ್ ಐಪಿಎ ನಾಲ್ಕು ಹನಿ ಅಂಚಿಗೆ ಬಿಟ್ಟು ಎರಡು ನಿಮಿಷ ಕಾಯಿರಿ. ಆಮೇಲೆ ಗಾಳದ ನೈಲಾನ್ ದಾರ ಅಡಿಗೆ ತೂರಿಸಿ, ಗರಗಸ ಎಳೆದ ಹಾಗೆ ನಿಧಾನ ಎಳೆಯಿರಿ. ಬೈತಖೋಲಿನಲ್ಲಿ ಯಾವ ಬೋಟಿನವರನ್ನು ಕೇಳಿದರೂ ಒಂದು ಮಾರು ದಾರ ಕೊಡುತ್ತಾರೆ. ಐಪಿಎ ಪೂರ್ತಿ ಆರುವ ತನಕ ಡ್ರೈಯರ್ ಹತ್ತಿರ ತರಬೇಡಿ, ಅದೂ ಹೊತ್ತಿಕೊಳ್ಳುತ್ತದೆ.

ಧೈರ್ಯ ಇಲ್ಲದಿದ್ದರೆ ಇಲ್ಲಿಗೇ ತನ್ನಿ. ನಾಚಿಕೆ ಏನಿಲ್ಲ.

ಯಲ್ಲಾಪುರ_ಅಟ್ಟ:
ನನ್ನ ಹತ್ರ ಪ್ರೀಹೀಟರ್ ಪ್ಲೇಟ್ ಇದೆ. ಅದರ ಮೇಲಿಟ್ಟರೆ ಐದು ನಿಮಿಷದಲ್ಲಿ…

ಬೈತಖೋಲ್_ಬೆಸುಗೆ:
ಉಬ್ಬಿದ ಬ್ಯಾಟರಿಗೆ ಅಡಿಯಿಂದ ಬಿಸಿಯಾ? ನಿಮ್ಮ ಅಡಿಕೆಗೆ ವಿಮೆ ಇದೆಯಾ ಮೊದಲು ನೋಡಿಕೊಳ್ಳಿ.

ಕೋಡಿಬಾಗ್_ಕಿರಾಣಿ (ಆರು ದಿನದ ನಂತರ):
ನಿನ್ನೆ ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಅಂಗಳದ ಕಟ್ಟೆ ಮೇಲೆ ಕೂತು ತೆರೆದೆ. ಬಲಗಡೆ ಟೇಪ್ ಬಿಟ್ಟ ಕೂಡಲೇ ಗ್ಲಾಸ್ ತಾನಾಗಿಯೇ ಮೇಲೆದ್ದು ಬಂತು. ಒಳಗೆ ಎರಡು ಬೆಳ್ಳಿ ಬಣ್ಣದ ಚೀಲ ಅಕ್ಕಪಕ್ಕ. ಬಲದ್ದು ಚಪ್ಪಟೆ, ಅಟ್ಟೆಯ ಹಾಗೆ. ಎಡದ್ದು ಗಾಳಿ ತುಂಬಿದ ಚಿಪ್ಸ್ ಪ್ಯಾಕೆಟ್. ಬೆರಳು ಸೋಕಿದರೆ ಒಳಗೆ ಮೆತ್ತಗೆ ಹೋಗಿ ವಾಪಸ್ ಬರುತ್ತಿತ್ತು. ಒಂದು ಥರ ಸಿಹಿ ವಾಸನೆ, ನೈಲ್ ಪಾಲಿಶ್ ಇದ್ದ ಹಾಗೆ.

ದಾರ ಎಳೆಯೋಕೆ ನಲವತ್ತು ನಿಮಿಷ ಬೇಕಾಯ್ತು. ಕೈ ನಡುಗುತ್ತಿತ್ತು. ಬ್ಯಾಟರಿ ಏನೋ ಬಂತು. ಆದ್ರೆ ಡಿಸ್‌ಪ್ಲೇ ಕೇಬಲ್ ತೆಗೆಯುವಾಗ ಅದರ ಪುಟ್ಟ ಕಂದು ಲಾಕ್ ಚಟ್ ಅಂತ ಹಾರಿ ಹೋಯ್ತು. ಕಟ್ಟೆ, ಅಂಗಳ, ಕೆಸರು ಎಲ್ಲ ಹುಡುಕಿದೆವು. ತಂಗಿಗೆ ಸಿಕ್ಕಿತು, ನನ್ನ ಅಂಗಿ ಜೇಬಿನಲ್ಲಿ.

ಕುಮಟಾ_ಅಕ್ಕೋರು:
ಆ ತಂಗಿಗೆ ಬೈದದ್ದಕ್ಕೆ ಏನಾದ್ರೂ ಕೊಡಿಸು.

ಕೋಡಿಬಾಗ್_ಕಿರಾಣಿ (ಮೂರು ವಾರದ ನಂತರ):
ಆನ್‌ಲೈನಲ್ಲಿ ತರಿಸಿದ ಬ್ಯಾಟರಿ ಮೇಲೆ 7000 ಎಮ್‌ಎಎಚ್ ಅಂತ ಬರೆದಿತ್ತು, ಹಳೆಯದರ ಮೇಲೂ ಅಷ್ಟೇ. ಕೈಗೆ ಯಾಕೋ ಹಗುರ ಅನ್ನಿಸ್ತು. ನಮ್ಮಲ್ಲಿ ತಕ್ಕಡಿಗೆ ಬರ ಇಲ್ಲವಲ್ಲ. ಹಳೆಯದು 131 ಗ್ರಾಂ. ಹೊಸದು 92 ಗ್ರಾಂ. ವಾಪಸ್ ಕಳಿಸಿದೆ. ಬೇರೆ ಕಡೆಯಿಂದ ತರಿಸಿದ್ದು 128 ಬಂತು, ಅದನ್ನೇ ಹಾಕಿದೆ. ಈಗ ಗ್ಲಾಸ್ ಒಂದೇ ಪದರ ಟೇಪಿನಲ್ಲಿ ಸರಿಯಾಗಿ ಕೂತಿದೆ. ಐದು ದಿನ ಆಯ್ತು, ತಾನಾಗಿ ಏನೂ ಒತ್ತಿಕೊಂಡಿಲ್ಲ. ಫ್ರಿಜ್ ಮೇಲಿಂದ ಇಳಿಸಿದ್ದೇವೆ. ಚಾರ್ಜ್ 85ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದರಲ್ಲೇ ಇತ್ತು, ನನಗೆ ಗೊತ್ತೇ ಇರಲಿಲ್ಲ.

ಬೈತಖೋಲ್_ಬೆಸುಗೆ:
ತೂಕ ನೋಡಿದ್ದು ಭಾರೀ ಕೆಲಸ. ಇಷ್ಟು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ಶಿರಸಿ_ಹೆಗಡೆ:
ಸಂತೋಷ. ಆದ್ರೆ ಕೇಬಲ್ ತೆಗೆದಾಗ ಕಡಿಮೆ ಆಗಿತ್ತು ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಬ್ಯಾಟರಿ ಒಂದೇ ಕಾರಣ ಅಲ್ಲ.

ಬೈತಖೋಲ್_ಬೆಸುಗೆ:
ಆ ಚರ್ಚೆ ಪಕ್ಕದಲ್ಲಿ ಇನ್ನೂ ನಡೆಯುತ್ತಿದೆ ಹೆಗಡೆಯವರೇ. ನೀವೇ ಮೊನ್ನೆ ಮಲ್ಟಿಮೀಟರ್ ಫೋಟೋ ಹಾಕಿದ್ದೀರಿ.

ಕೋಡಿಬಾಗ್_ಕಿರಾಣಿ:
ಕೊನೆಗೊಂದು ಪ್ರಶ್ನೆ. ಹಳೇ ಬ್ಯಾಟರಿ ಮಣ್ಣಿನ ಮಡಕೆಯಲ್ಲಿ ಮರಳು ಹಾಕಿ ತೆಂಗಿನ ಮರದ ಬುಡದಲ್ಲಿ ಇಟ್ಟಿದ್ದೇನೆ, ಮೇಲೆ ಹೆಂಚು ಮುಚ್ಚಿ. ಅಮ್ಮ ಆ ಕಡೆ ಕಾಯಿ ಹೆಕ್ಕೋಕೂ ಹೋಗುತ್ತಿಲ್ಲ. ಇದನ್ನು ಯಾರಿಗೆ ಕೊಡಬೇಕು?

ಕುಮಟಾ_ಅಕ್ಕೋರು:
ಕಸದ ಗಾಡಿಗೆ ಮಾತ್ರ ಹಾಕಬೇಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಇದನ್ನು ಬೇರೆ ಇಡಬೇಕು, ವಾಪಸ್ ಪಡೆಯುವ ಹೊಣೆ ತಯಾರಿಸಿದವರದ್ದು. ಕನೆಕ್ಟರ್ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿಡು. ಕಾರವಾರದಲ್ಲಿ ತಗೊಳ್ಳುವವರು ಯಾರಿದ್ದಾರೆ, ಗೊತ್ತಿದ್ದವರು ಹೇಳಿ.

ಯಲ್ಲಾಪುರ_ಅಟ್ಟ:
ಬರುವ ವಾರ ನಾನು ಹುಬ್ಬಳ್ಳಿಗೆ ಹೋಗುತ್ತೇನೆ, ವಿಚಾರಿಸುತ್ತೇನೆ. ಆದ್ರೆ ಅದನ್ನು ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಒಯ್ಯೋದಿಲ್ಲ, ಈಗಲೇ ಹೇಳಿದ್ದೇನೆ.

ಕೋಡಿಬಾಗ್_ಕಿರಾಣಿ (ಎರಡು ತಿಂಗಳ ನಂತರ):
ಯಾರಾದ್ರೂ ಇದ್ದೀರಾ? ಮಡಕೆ ಇನ್ನೂ ಅಲ್ಲೇ ಇದೆ.