ಅಪ್‌ಡೇಟ್: ಪೋಸ್ಟ್‌ಗ್ರೆಸ್‌ನಲ್ಲಿ ಲಾಜಿಕಲ್ ರೆಪ್ಲಿಕೇಶನ್ನೇ ಆಯ್ಕೆ ಮಾಡಿದೆವು

ಬಿಲ್ಲಿಂಗ್ ಡೇಟಾಬೇಸ್‌ನ ನಾಲ್ಕು ಟೇಬಲ್ ಮಾತ್ರ ರಿಪೋರ್ಟ್ ಸರ್ವರ್‌ಗೆ ಹೋಗಬೇಕು, ಅದಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಎರಡು ಬಗೆಯ ರೆಪ್ಲಿಕೇಶನ್‌ನಲ್ಲಿ (ಡೇಟಾವನ್ನು ಬೇರೆ ಸರ್ವರ್‌ಗೆ ನಿರಂತರ ನಕಲು ಮಾಡೋದು) ಸ್ಟ್ರೀಮಿಂಗೋ ಲಾಜಿಕಲ್ಲೋ ಅಂತ ಕೇಳಿದ್ದೆ. ಸ್ಟ್ರೀಮಿಂಗ್ ಇಡೀ ಕ್ಲಸ್ಟರನ್ನೇ (ಸರ್ವರ್‌ನ ಎಲ್ಲಾ ಡೇಟಾಬೇಸ್‌ಗಳನ್ನೂ) ನಕಲು ಮಾಡುತ್ತೆ, ಆ ನಕಲಿನಲ್ಲಿ ಬೇರೆ ಇಂಡೆಕ್ಸ್ ಹಾಕೋಕೂ ಆಗಲ್ಲ. ಹಾಗಾಗಿ ಬೇಕಾದ ಟೇಬಲ್ ಮಾತ್ರ ಕಳಿಸೋ ಲಾಜಿಕಲ್.

ಪ್ರೈಮರಿ ಕೀ (ಪ್ರತಿ ಸಾಲನ್ನೂ ಗುರುತಿಸೋ ಕಾಲಂ) ಇಲ್ಲದ ಟೇಬಲ್‌ಗೆ ರೆಪ್ಲಿಕಾ ಐಡೆಂಟಿಟಿ (ಬದಲಾದ ಸಾಲು ಯಾವುದು ಅಂತ ಗುರುತಿಸೋ ಸೆಟ್ಟಿಂಗ್) ಮೊದಲೇ ಕೊಡಿ. ಇಲ್ಲದಿದ್ದರೆ ಇನ್ಸರ್ಟ್ ನಡೆಯುತ್ತೆ, ಅಪ್‌ಡೇಟ್ ಮತ್ತು ಡಿಲೀಟ್ ಮೂಲ ಸರ್ವರ್‌ನಲ್ಲೇ ಎರರ್ ಹೊಡೆಯುತ್ತೆ. ಹೊಸ ಕಾಲಂ ತಾನಾಗಿ ದಾಟಲ್ಲ: ಮೊದಲು ಸಬ್‌ಸ್ಕ್ರೈಬರ್‌ನಲ್ಲಿ (ನಕಲು ಪಡೆಯೋ ರಿಪೋರ್ಟ್ ಸರ್ವರ್) ಸೇರಿಸಿ, ಆಮೇಲೆ ಮೂಲದಲ್ಲಿ.

ನಿಜವಾದ ಅಪಾಯ ಸ್ಲಾಟ್: ಸಬ್‌ಸ್ಕ್ರೈಬರ್ ಎಲ್ಲಿವರೆಗೆ ಓದಿದೆ ಅಂತ ಮೂಲ ಸರ್ವರ್ ಇಟ್ಟುಕೊಳ್ಳೋ ಗುರುತು, ಓದದ್ದನ್ನ ಅಳಿಸೋಕೆ ಬಿಡಲ್ಲ. ಸಬ್‌ಸ್ಕ್ರೈಬರ್ ನಿಂತರೆ 16 ಎಂಬಿಯ ವಾಲ್ ಫೈಲ್‌ಗಳು (ಬದಲಾವಣೆಗಳ ಲಾಗ್) ರಾಶಿ ಬಿದ್ದು, ಡಿಸ್ಕ್ ತುಂಬಿ, ಮೂಲ ಸರ್ವರೇ ಮಲಗುತ್ತೆ. ಪೋಸ್ಟ್‌ಗ್ರೆಸ್ ಆವೃತ್ತಿ 13ರಿಂದ ಈ ರಾಶಿಗೆ ಮಿತಿ ಹಾಕೋ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಸೆಟ್ಟಿಂಗ್ ಇದೆ, ದಯವಿಟ್ಟು ಹಾಕಿ. ಮಿತಿ ದಾಟಿದರೆ ಸ್ಲಾಟ್ ಕೆಟ್ಟು ಮತ್ತೆ ಮೊದಲಿನಿಂದ ಕಾಪಿ ಮಾಡಬೇಕು. ಬಿಲ್ಲಿಂಗ್ ನಿಲ್ಲೋದಕ್ಕಿಂತ ಅದೇ ವಾಸಿ.