ಸ್ಪಿತಿಗೆ ಹೋದ ರಘು, ಬಾಲಂಗೋಚಿಯಾದ ನಾನು

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಪುಣೆಯ ಕೋಥ್ರೂಡಿನ ನಮ್ಮ ಉಡುಪಿ ಹೋಟೆಲಿಗೆ ರಘು ಬೂಟು ಹಾಕಿಕೊಂಡು ಬಂದ. ಆಫೀಸಿಗೆ ಹಾಕುವ ಬೂಟಲ್ಲ. ಮೊಣಕಾಲಿನವರೆಗೆ ಬರುವ, ಪಕ್ಕದಲ್ಲಿ ಸಾಲಾಗಿ ಬಕಲ್ ಇರುವ, ಕಾಲಿಟ್ಟರೆ ಕಟ್ ಕಟ್ ಅನ್ನುವ ಬೂಟು. ಅದರ ಮೇಲೆ ಬರ್ಮುಡಾ ಚಡ್ಡಿ.

"ಏನೋ ಇದು, ತೋಟಕ್ಕೆ ಔಷಧಿ ಹೊಡೆಯೋಕೆ ಹೊರಟ್ಯಾ?" ಅಂದ ಸತೀಶ.

"ಹಿಮಾಚಲದ ಸ್ಪಿತಿಯಿಂದ ಬಂದು ನಾಲ್ಕು ದಿನ ಆಯ್ತು. ಒಳಗಡೆ ಇನ್ನೂ ಆರಿಲ್ಲ. ನಾತ ಅಂತ ಇವಳು ಬಾಲ್ಕನೀಲೂ ಇಡೋಕೆ ಬಿಡ್ತಿಲ್ಲ. ಹಾಕ್ಕೊಂಡು ತಿರುಗಿಯೇ ಒಣಗಿಸಬೇಕು."

ನಮ್ಮದು ಕಾಯಂ ಟೇಬಲ್ಲು. ಧಾರವಾಡದ ಗುರಣ್ಣ ಬ್ಯಾಂಕಿನಿಂದ ನಿವೃತ್ತರಾದವರು. ಸತೀಶ ಮೈಸೂರು ಬಿಟ್ಟು 20 ವರ್ಷ ಆಯಿತು, ಆದರೂ ಮೈಸೂರಿನಲ್ಲೇ ಇದ್ದಾನೆ. ರಘು ಶಿವಮೊಗ್ಗದವನು, ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್. ನಾನು ಸಾಗರದವನು, ಎಲ್ಲ ಕಡೆಗೂ ತಡವಾಗಿ ಬರುವವನು. ಗಲ್ಲಾದಲ್ಲಿ ಕುಂದಾಪುರದ ಶೆಟ್ಟರು. ಅವರು ನಮ್ಮ ಟೇಬಲ್ಲಿಗೆ ಬರುವುದಿಲ್ಲ, ಅವರ ಕಿವಿ ಬರುತ್ತದೆ.

"ಎಷ್ಟು ರೊಕ್ಕಾ ಬಿತ್ತೋ ತಮ್ಮಾ?" ಗುರಣ್ಣ ಮೊದಲು ಕೇಳುವ ಪ್ರಶ್ನೆ ಇದೇ. ಸತ್ಯನಾರಾಯಣ ಪೂಜೆಗೆ ಹೋದರೂ ಇದೇ.

"8 ದಿನದ ಬೈಕ್ ಟೂರಿಗೆ 60,000. ಡ್ಯುಯಲ್ ಸ್ಪೋರ್ಟ್ ಬೈಕು, ರೂಮು, ಊಟ ಎಲ್ಲ ಸೇರಿ. ಮುಂದೆ ದಾರಿ ತೋರಿಸೋಕೆ ಒಬ್ಬ ಗೈಡು, ಕೊನೇಲಿ ಇನ್ನೊಬ್ಬ, ಎಲ್ಲರ ಹಿಂದೆ ಬ್ಯಾಕಪ್ಪಿಗೆ ಒಂದು ಪಿಕಪ್ ಗಾಡಿ. ಅದರಲ್ಲಿ ಮೆಕ್ಯಾನಿಕ್ಕು, ಲಗೇಜು, ಟೈರು, ಟ್ಯೂಬು, ಕ್ಲಚ್ ಕೇಬಲ್ಲು."

"ರಸ್ತೆ ಇಲ್ಲದ ಕಡೆ ಕರ್ಕೊಂಡು ಹೋಗೋಕೆ 60,000! ಮಳೆಗಾಲದಲ್ಲಿ ಇಲ್ಲೇ ಒಂದು ರೌಂಡ್ ಹೊಡೆದಿದ್ರೆ ಪುಕ್ಕಟೆ ಆಗ್ತಿತ್ತಲ್ಲೋ" ಅಂದ ಸತೀಶ.

ಅಷ್ಟರಲ್ಲಿ ಗಲ್ಲಾದಿಂದ ಪ್ರಶ್ನೆ ಬಂತು. "ಅಲ್ಲ ರಘು ಅವ್ರೆ, ಅದೆಂಥದು ಮಾರಾಯ್ರೆ ಡ್ಯುಯಲ್ ಸ್ಪೋರ್ಟ್ ಅಂದ್ರೆ?"

ರಘು ವಿವರಿಸಿದ. ಡಾಂಬರು ರಸ್ತೆಗೂ ಸೈ, ಕಲ್ಲು ಮಣ್ಣಿಗೂ ಸೈ. ಮುಂದಿನ ಚಕ್ರ 21 ಇಂಚು, ಗುಂಡಿಗೆ ಬಿದ್ದರೂ ಏರಿಕೊಂಡು ಹೋಗಲಿ ಅಂತ. ಹೊಟ್ಟೆ ನೆಲದಿಂದ ಎತ್ತರ, ಕಲ್ಲು ತಾಗದಿರಲಿ ಅಂತ. ಹಿಮಾಲಯನ್, ಎಕ್ಸ್‌ಪಲ್ಸ್ ಎಲ್ಲ ಇದೇ ಜಾತಿ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡಿಕೊಳ್ಳುವ ಎಬಿಎಸ್ಸನ್ನು ಕೆಲವು ಗಾಡಿಗಳಲ್ಲಿ ಹಿಂದಿನ ಚಕ್ರಕ್ಕೆ ಬೇಕಾದಾಗ ಆಫ್ ಮಾಡಬಹುದು.

ಶೆಟ್ಟರು ಚಿಲ್ಲರೆ ಎಣಿಸುತ್ತಲೇ ಹೇಳಿದರು. "ಹಾಗಾದ್ರೆ ಅದು ಪಂಚೆ. ಎತ್ತಿ ಕಟ್ಟಿದ್ರೆ ಗದ್ದೆಗೆ, ಇಳಿಬಿಟ್ರೆ ಮದುವೆಗೆ."

ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ವಿವರಣೆ ಯಾವ ಕಂಪನಿಯೂ ಕೊಟ್ಟಿಲ್ಲ.

ಸತೀಶ ಸುಮ್ಮನಿರುತ್ತಾನಾ? ಬೈಕಿನ ಮಾತು ಬಂದರೆ ಅವನ ಅಪ್ಪನ ಯೆಜ್ಡಿ ಹೊರಗೆ ಬರಲೇಬೇಕು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾದಲ್ಲಿ ಬೈಕು ತಯಾರಾಗುತ್ತಿದ್ದ ಕಥೆ ನಮಗೆಲ್ಲ ಬಾಯಿಪಾಠ. ಕಿಕ್ಕರೂ ಅದೇ, ಗೇರೂ ಅದೇ, ಒಂದೇ ಲಿವರ್. ಮಡಚಿದರೆ ಗೇರು, ಎತ್ತಿದರೆ ಕಿಕ್ಕು.

"ನಮ್ಮಪ್ಪ ಆ ಗಾಡೀಲಿ ಆಗುಂಬೆ ಹತ್ತಿದ್ರು ಕಣೋ. ಅವಾಗ ಯಾವ ಬ್ಯಾಕಪ್ಪು? ಪ್ಲಗ್ಗಿಗೆ ಮಸಿ ಹಿಡೀತು ಅಂದ್ರೆ ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಇನ್ನೊಂದು ಪ್ಲಗ್ಗು, ಒಂದು ಚೂರು ಸ್ಯಾಂಡ್‌ಪೇಪರು. ಅಮ್ಮಾನೇ ಬ್ಯಾಕಪ್ಪು."

"ನಿಮ್ಮಪ್ಪ ಹತ್ತಿದ್ದು ಆಗುಂಬೆ. ನಾನು ಹತ್ತಿದ್ದು ಕುಂಜುಮ್ ಪಾಸ್" ಅಂದ ರಘು, "4,550 ಮೀಟರ್."

"ಅಂದ್ರ ಎಷ್ಟು ಅನ್ನೋದು ತಿಳಿಯೋ ಹಂಗ ಹೇಳಪಾ" ಅಂದರು ಗುರಣ್ಣ.

ಲೆಕ್ಕ ಶುರುವಾಯಿತು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರ್. ಅದರ ನೆತ್ತಿಯ ಮೇಲೆ ನಮ್ಮ ಮುಳ್ಳಯ್ಯನಗಿರಿ ಇಡಿ, 1,930. ಒಟ್ಟು 3,576. ಇನ್ನೂ ಸಾಲದು. ಸತೀಶ ಕೂಡಲೇ ಚಾಮುಂಡಿ ಬೆಟ್ಟ ತಂದಿಟ್ಟ. ಅದೊಂದು ಸಾವಿರದ ಮೇಲೆ ಅರವತ್ತು. ಈಗ ಸ್ವಲ್ಪ ಜಾಸ್ತಿಯೇ ಆಯಿತು.

"ನೋಡಿದ್ಯಾ? ಮೈಸೂರು ಬರೋವರೆಗೂ ಲೆಕ್ಕ ಸರಿಹೋಗ್ಲಿಲ್ಲ" ಅಂದ. ಅವನ ಮುಖ ನೋಡಬೇಕಿತ್ತು, ಬೆಟ್ಟವನ್ನು ಅವನೇ ಹೊತ್ತು ತಂದ ಹಾಗಿತ್ತು.

ಅಷ್ಟು ಎತ್ತರಕ್ಕೆ ಒಂದೇ ಸಲ ನುಗ್ಗಿದರೆ ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಅದಕ್ಕೇ ಇವರ ಗೈಡು ಶಿಮ್ಲಾ ಕಡೆಯಿಂದ ಹತ್ತಿಸಿದನಂತೆ. ನಾರಕಂಡ, ಕಲ್ಪಾ, ನಾಕೋ, ತಾಬೋ, ಕಾಜಾ ಅಂತ ಒಂದೊಂದೇ ಮೆಟ್ಟಿಲು. ತಾಬೋದ ಬೌದ್ಧ ವಿಹಾರ ಕಟ್ಟಿದ್ದು 996ರಲ್ಲಿ, ಮಣ್ಣಿನ ಗೋಡೆ, ಇವತ್ತಿಗೂ ನಿಂತಿದೆ. ಇದನ್ನು ಕೇಳಿ ಗುರಣ್ಣನಿಗೆ ಹೊಟ್ಟೆ ಉರಿಯಿತು. ಅವರ ಸೊಸೈಟಿಯ ಕಾಂಪೌಂಡು ಕಟ್ಟಿ ಮೂರು ಮಳೆಗಾಲಕ್ಕೆ ಮಲಗಿದೆ. "ಅಲ್ಲಿ ಮಳೀನ ಇಲ್ಲ ಬಿಡು" ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಕಾಜಾದಲ್ಲಿ ಈ ಬೂಟಿನ ಬಕಲ್ ಹಾಕೋಕೆ ಬಗ್ಗಿದರೆ ಏದುಸಿರು ಬರ್ತಿತ್ತು. ನಮಗೆ ಮಾತ್ರ ಅಲ್ಲ, ಎಂಜಿನ್ನಿಗೂ ಉಸಿರು ಸಾಲಲ್ಲ. ಇಂಜೆಕ್ಷನ್ ಇರೋ ಗಾಡಿ ತಾನೇ ಪೆಟ್ರೋಲ್ ಕಮ್ಮಿ ಮಾಡ್ಕೊಳ್ಳುತ್ತೆ. ನಿಮ್ಮಪ್ಪನ ಯೆಜ್ಡಿ ಆಗಿದ್ರೆ ಕಾರ್ಬುರೇಟರ್ ಜೆಟ್ ಬದಲಿಸಬೇಕಿತ್ತು."

"ಅಮ್ಮನ ಬ್ಯಾಗಿನಲ್ಲಿ ಅದೂ ಇರ್ತಿತ್ತು" ಅಂದ ಸತೀಶ.

ಈಗ ನನಗೆ ಇಷ್ಟವಾದ ಭಾಗ. ಬೆಟ್ಟದಲ್ಲಿ ಹತ್ತು ಬೈಕು ಹೊರಟರೆ ಅರ್ಧ ಗಂಟೆಯೊಳಗೆ ಹತ್ತು ಕಡೆ ಇರುತ್ತವೆ. ಮೊಬೈಲ್ ಸಿಗ್ನಲ್ ಇಲ್ಲ. ದಾರಿ ತಪ್ಪದ ಹಾಗೆ ನೋಡಿಕೊಳ್ಳುವುದು ಹೇಗೆ? ಅದಕ್ಕೊಂದು ಉಪಾಯ ಇದೆ. ದಾರಿ ಕವಲೊಡೆಯುವ ಕಡೆ ಗೈಡು ತನ್ನ ಹಿಂದೆ ಇರುವ ಮೊದಲನೆಯವನನ್ನು ನಿಲ್ಲಿಸಿ ಮುಂದೆ ಹೋಗುತ್ತಾನೆ. ನಿಂತವನ ಕೆಲಸ ಒಂದೇ, ಬಂದವರಿಗೆಲ್ಲ ಕೈ ತೋರಿಸುವುದು. ಎಲ್ಲರೂ ಹೋದ ಮೇಲೆ ಕೊನೆಗೆ ಒಬ್ಬ ಬರುತ್ತಾನೆ. ಅವನಿಗೆ ಸ್ವೀಪ್ ಅನ್ನುತ್ತಾರೆ. ಅವನ ಮುಖ ಕಾಣುವವರೆಗೆ ನಿಂತವನು ಜಾಗ ಬಿಡುವ ಹಾಗಿಲ್ಲ. ಸ್ವೀಪ್ ಮಾತ್ರ ಯಾವತ್ತೂ ಯಾರನ್ನೂ ಹಿಂದೆ ಹಾಕುವ ಹಾಗಿಲ್ಲ. ಎಂಟು ದಿನವೂ ಅವನೇ ಕೊನೆ.

"ಅಂದ್ರೆ ಬಾಲಂಗೋಚಿ" ಅಂದೆ ನಾನು.

"ಹಾಗನ್ಬೇಡ. ಗುಂಪಿನಲ್ಲಿ ಗೈಡಿನಷ್ಟೇ ಪಳಗಿದ ಸವಾರ ಅವನೇ. ಬಿದ್ದವರನ್ನ ಎತ್ತೋನು ಅವನು."

ನನ್ನ ಎದೆ ಉಬ್ಬಿತು. ಐವತ್ತು ವರ್ಷ ಎಲ್ಲ ಕಡೆ ಕೊನೆಗೆ ಬಂದು ಬೈಸಿಕೊಂಡವನು ನಾನು. ಅದಕ್ಕೆ ಇಷ್ಟು ಗೌರವದ ಹೆಸರಿದೆ ಅಂತ ಯಾರೂ ಹೇಳಿರಲಿಲ್ಲ.

"ನಿನ್ನನ್ನ ಎಲ್ಲಿ ನಿಲ್ಲಿಸಿದ್ರು?" ಸತೀಶ ಕೆದಕಿದ.

ರಘು ಸಾಂಬಾರಿನಲ್ಲಿ ವಡೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಳುಗಿಸಿದ. ಕಾಜಾದಿಂದ ಮೇಲೆ ಹತ್ತಿದರೆ ಲಾಂಗ್ಜಾಕ್ಕೆ ಒಂದು ದಾರಿ, ಹಿಕ್ಕಿಮ್ ಕಡೆಗೆ ಇನ್ನೊಂದು. ಆ ಕವಲಿನಲ್ಲಿ ಇವನನ್ನು ನಿಲ್ಲಿಸಿ ಗೈಡು ಲಾಂಗ್ಜಾಕ್ಕೆ ಹೋದ. ಇವನು ಹತ್ತು ನಿಮಿಷ ನಿಂತ. ಚಳಿ. ಬೆಳಿಗ್ಗೆ ಕುಡಿದ ಮೂರು ಲೋಟ ಚಹಾ. ಸುತ್ತ ಒಂದು ಗಿಡ ಇಲ್ಲ, ಮರೆಗೆ ಇದ್ದದ್ದು ದೂರದ ಒಂದೇ ಬಂಡೆ. ಅಲ್ಲಿಯವರೆಗೆ ಈ ಬೂಟಿನಲ್ಲಿ ನಡೆದು, ಮೂರು ಪದರದ ಪ್ಯಾಂಟು ಬಿಚ್ಚಿ, ಮತ್ತೆ ಹಾಕಿ ವಾಪಸ್ ಬರುವಷ್ಟರಲ್ಲಿ ಆರು ಬೈಕಿನ ಧೂಳು ಹಿಕ್ಕಿಮ್ ಕಡೆ ಕಾಣಿಸಿತು.

"ಆಮೇಲೆ?"

"ಆಮೇಲೇನು, ಅವರಿಗೇ ಲಾಭ ಆಯ್ತು. 1983ರಿಂದ ಹಿಕ್ಕಿಮಿನಲ್ಲಿ ಪೋಸ್ಟ್ ಆಫೀಸಿದೆ, 4,400 ಮೀಟರ್ ಎತ್ತರದಲ್ಲಿ. ಆರೂ ಜನ ಮನೆಗೆ ಕಾರ್ಡು ಬರೆದು ಹಾಕಿ ಆರಾಮಾಗಿ ಬಂದ್ರು. ಗೈಡು ನನಗೆ ಮಾತ್ರ ಬೈದ."

"ಕಾರ್ಡಿನ್ಯಾಗ ನಿನ್ನ ಹೆಸರು ಬರ್ದಿರ್ತಾರ ಬಿಡು" ಅಂದರು ಗುರಣ್ಣ.

ಕಾಫಿ ಬಂತು. ಈಗ ಬೂಟು ಒದ್ದೆಯಾದ ಕಥೆ ಹೊರಗೆ ಬರಬೇಕಿತ್ತು. ಚಂದ್ರತಾಲ್ ಕೆರೆಯಿಂದ ಬಾತಲ್ ದಾಟಿ ಗ್ರಾಂಫು ಕಡೆಗೆ ಬರುವ ದಾರಿಯಲ್ಲಿ ಬೆಟ್ಟದ ತೊರೆಗಳು ರಸ್ತೆಗೆ ಅಡ್ಡ ಹರಿಯುತ್ತವೆ. ಅಲ್ಲಿ ಅದಕ್ಕೆ ನಾಲಾ ಅನ್ನುತ್ತಾರೆ. ಬೆಳಿಗ್ಗೆ ಪಾದ ಮುಳುಗುವಷ್ಟು ನೀರು. ಬಿಸಿಲೇರಿ ಮೇಲಿನ ಹಿಮ ಕರಗಿದರೆ ಮಧ್ಯಾಹ್ನಕ್ಕೆ ಮೊಣಕಾಲು. ಅದಕ್ಕೇ ಬೆಳಿಗ್ಗೆ ಬೇಗ ಹೊರಡಬೇಕು. ಅವತ್ತು ತಡವಾಗಿದ್ದು ಯಾರಿಂದ ಅಂತ ನಾವು ಕೇಳಲಿಲ್ಲ.

"ಗೈಡು ನಾಲ್ಕು ಮಾತು ಹೇಳಿದ್ದ. ಫಸ್ಟ್ ಗೇರು. ಎದ್ದು ನಿಂತ್ಕೋ. ಆಕ್ಸಿಲರೇಟರ್ ಒಂದೇ ಹದದಲ್ಲಿ ಇರಲಿ. ನೀರು ನೋಡ್ಬೇಡ, ಆಚೆ ದಡ ನೋಡು. ಯಾವ ಕಲ್ಲನ್ನ ನೋಡ್ತೀಯೋ ಗಾಡಿ ಅದಕ್ಕೇ ಹೋಗುತ್ತೆ ಅಂದಿದ್ದ."

"ನೀನು?"

"ಕಲ್ಲು ನೋಡಿದೆ."

ಕಲ್ಲು ನೋಡಿದ, ಹೆದರಿ ಕ್ಲಚ್ ಹಿಡಿದ, ಗಾಡಿ ನಿಂತಿತು, ಮಲಗಿತು, ಜೊತೆಗೆ ಇವನೂ ಮಲಗಿದ. ಸ್ವೀಪ್ ಹುಡುಗ ಬಂದು ಮೊದಲು ಇವನನ್ನು, ಆಮೇಲೆ ಬೈಕನ್ನು ಎತ್ತಿದ. ಎಂಜಿನ್ ನೀರು ಕುಡಿದಿತ್ತು. ಹಾಗೇ ಸ್ಟಾರ್ಟ್ ಮಾಡಿದರೆ ಒಳಗಿನದೆಲ್ಲ ಬಾಗಿಹೋಗುತ್ತದಂತೆ. ಮೆಕ್ಯಾನಿಕ್ಕು ಪ್ಲಗ್ ಬಿಚ್ಚಿ ಸೆಲ್ಫ್ ಒತ್ತಿದ. ಪ್ಲಗ್ಗಿನ ತೂತಿನಿಂದ ಪಿಚಕಾರಿಯ ಹಾಗೆ ನೀರು ಚಿಮ್ಮಿ ನೇರ ರಘುವಿನ ಮುಖಕ್ಕೆ ಬಿತ್ತು.

"ಮತ್ತೆ ಬೂಟು ವಾಟರ್‌ಪ್ರೂಫ್ ಅಂದಿದ್ದೆ?" ಅಂತ ಕೇಳಿದೆ.

"ಹೌದು. ಅದೇ ಸಮಸ್ಯೆ. ಮೇಲಿಂದ ಒಳಗೆ ಹೋದ ನೀರನ್ನ ಹೊರಗೆ ಬಿಡಲೇ ಇಲ್ಲ."

ಶೆಟ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನಕ್ಕರು. ಲೆಕ್ಕ ತಪ್ಪಿತೇನೋ, ಮತ್ತೆ ಮೊದಲಿನಿಂದ ಶುರುಮಾಡಿದರು.

"ಹೋಗ್ಲಿ ಬಿಡು. ಮುಂದ ಆ ಸುರಂಗಾ ಬರ್ತೈತಲ್ಲ, ಮನಾಲಿ ಕಡೆ? ಹೆಂಗೈತಿ?" ಗುರಣ್ಣ ಮಾತು ಬದಲಿಸಿದರು.

"ಅಟಲ್ ಸುರಂಗಾನಾ? 9 ಕಿಲೋಮೀಟರ್. 2020ರಲ್ಲಿ ಶುರುವಾಗಿದ್ದು. ಸೂಪರ್. ಒಳಗಡೆ ಗಾಳಿ ಸದ್ದೇ ಇಲ್ಲ, ಹಾಡು ಎಷ್ಟು ಚೆನ್ನಾಗಿ ಕೇಳಿಸ್ತಿತ್ತು ಅಂದ್ರೆ..."

ಸತೀಶನ ಲೋಟ ತುಟಿಯ ಹತ್ತಿರ ನಿಂತಿತು. "ಬೈಕಿನ ಮೇಲೆ ಎಲ್ಲಿಂದ ಬಂತೋ ಹಾಡು?"

ರಘು ಬಕಲ್ ಸರಿಮಾಡಿಕೊಳ್ಳತೊಡಗಿದ. ಸರಿ ಇದ್ದ ಬಕಲ್ಲನ್ನೇ.

"ಪಿಕಪ್ಪಿನ್ಯಾಗ ಬಂದೀ ಹೌದಲ್ಲೋ?"

"ಕಾಲು ಒದ್ದೆ ಇತ್ತು ಗುರಣ್ಣ. ಡ್ರೈವರ್ ಹೀಟರ್ ಹಾಕಿದ್ದ. 60,000ದಲ್ಲಿ ಪಿಕಪ್ಪೂ ಸೇರಿದೆ ತಾನೇ? ಕೂತರೆ ತಪ್ಪೇನು?"

"ತಪ್ಪಲ್ಲ" ಅಂದರು ಗುರಣ್ಣ, ಬ್ಯಾಂಕಿನ ದನಿಯಲ್ಲಿ. "ವಿಮಾ ಮಾಡಿಸಿದ ಮ್ಯಾಲೆ ಕ್ಲೇಮ್ ಮಾಡ್ಲಿಲ್ಲಂದ್ರ ಲುಕ್ಸಾನ."

ಆಗ ರಘುವಿನ ಫೋನು ಬಡಿದುಕೊಂಡಿತು. ಹುಬ್ಬಳ್ಳಿಯಿಂದ ಅತ್ತೆ ಬಂದು ಸ್ವಾರಗೇಟಿನಲ್ಲಿ ಇಳಿದಿದ್ದಾರೆ, ಎರಡು ಚೀಲ ಇದೆ, ರೊಟ್ಟಿ ಇದೆ, ಬೇಗ ಹೋಗಿ ಅಂತ ಹೆಂಡತಿ. ಇವನ ಹತ್ತಿರ ಇದ್ದದ್ದು ಸ್ಕೂಟರ್ರು. ಅತ್ತೆ ಮತ್ತು ಎರಡು ಚೀಲ ಅದರಲ್ಲಿ ಕೂರುವುದಿಲ್ಲ.

ಗುರಣ್ಣನ ಕಾರಿತ್ತು. ರೊಟ್ಟಿ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಕೀಲಿ ಕೈಗೆ ಬಂತು. "ನಡೀರಿ, ನಾನ ಬ್ಯಾಕಪ್ಪು."

ರಘುಗೆ ಹುರುಪು ಬಂದುಬಿಟ್ಟಿತು. ಹೋಟೆಲಿನ ಮುಂದೆ ನಿಂತು ಗೈಡಿನ ಹಾಗೆ ಭಾಷಣ ಶುರುಮಾಡಿದ. ಎಲ್ಲರೂ ಹೆಲ್ಮೆಟ್ ಹಾಕಿ ಅಂದ. ಹೆಲ್ಮೆಟ್ ಕಡ್ಡಾಯ ಬೇಡ ಅಂತ 2019ರಲ್ಲಿ ಮೆರವಣಿಗೆ ಕಂಡ ಊರು ಇದು. ಇವನ ಭಾಷಣಕ್ಕೆ ಪಕ್ಕದ ಹಾಲಿನಂಗಡಿಯ ಅಜ್ಜ ಕೂಡ ಎದ್ದು ಒಳಗೆ ಹೋದರು. ರಘು ಮುಂದೆ, ಸತೀಶ ಎರಡನೆಯವನು. ನಳ್ ಸ್ಟಾಪಿನ ತಿರುವಿನಲ್ಲಿ ಅವನು ನಿಂತು ಕೈ ತೋರಿಸಬೇಕು, ಯಾವ ಬಂಡೆಯ ಹಿಂದೂ ಹೋಗಬಾರದು. ಕಾರು ನಾಲ್ಕು ಚಕ್ರದ್ದು, ಅತ್ತೆಗೆ ಬೇಗ ಬೇಕು, ಅದಕ್ಕೆ ನಿಯಮ ಅನ್ವಯಿಸುವುದಿಲ್ಲ.

"ನೀನು ಸ್ವೀಪ್" ಅಂದ ನನಗೆ.

ನನ್ನ ಹಳೆಯ ಸ್ಕೂಟರಿನ ಮೇಲೆ ನಾನು ಇಷ್ಟು ನೆಟ್ಟಗೆ ಯಾವತ್ತೂ ಕೂತಿರಲಿಲ್ಲ. ನಳ್ ಸ್ಟಾಪಿನಲ್ಲಿ ಸತೀಶ ನಿಂತಿದ್ದ, ನನ್ನ ಮುಖ ನೋಡಿ ಹೊರಟ. ಮ್ಹಾತ್ರೆ ಸೇತುವೆ ದಾಟಿದೆವು. ದಾಂಡೇಕರ್ ಪುಲ್ ಸಿಗ್ನಲ್ಲಿನಲ್ಲಿ ಅವನು ಹಳದಿ ದೀಪದಲ್ಲೇ ನುಗ್ಗಿದ. ನಾನು ನಿಂತೆ. ಎಡಗಡೆಯಿಂದ ಆಟೋ, ಬಲಗಡೆಯಿಂದ ಮುಖಕ್ಕೆ ಓಢಣಿ ಸುತ್ತಿಕೊಂಡ ಹುಡುಗಿಯರು, ಫುಟ್‌ಪಾತ್ ಮೇಲಿಂದ ಒಬ್ಬ ಕೊರಿಯರ್ ಹುಡುಗ. ಎಲ್ಲರೂ ಮುಂದೆ ಹೋದರು. ಹೋಗಲಿ. ಯಾರನ್ನೂ ಹಿಂದೆ ಹಾಕದೆ ಇರುವುದೇ ಅಲ್ಲವೇ ನನ್ನ ಕೆಲಸ?

ಇಪ್ಪತ್ತು ನಿಮಿಷ ಬಿಟ್ಟು ಫೋನು ಬಂತು.

"ಎಲ್ಲಿದ್ದೀಯೋ?"

"ಹಿಂದೆ."

"ಯಾರ ಹಿಂದೆ? ನಾವೆಲ್ಲ ಸ್ವಾರಗೇಟ್ ಮುಟ್ಟಿ ಆಯ್ತು!"

"ಒಂದು ಸಿಟಿ ಬಸ್ಸಿನ ಹಿಂದೆ. ಕೆಟ್ಟು ನಿಂತಿದೆ. ಅದು ಹೊರಡೋವರೆಗೂ ನಾನು ಹೊರಡೋ ಹಾಗಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕಟಂ ಕಟಂ ಅಂತ ರೊಟ್ಟಿ ಮುರಿಯುವ ಸದ್ದು. ಆಮೇಲೆ ಬಾಯಿ ತುಂಬಿಕೊಂಡ ಗುರಣ್ಣನ ದನಿ.

"ಇರ್ಲಿ ಇರ್ಲಿ. ಗಡಿಬಿಡಿ ಮಾಡ್ಬ್ಯಾಡ ಅನ್ನು ಅವಂಗ."