ಭಾವ ಕುಣಿಸಲಿದ್ದಾರೆ, ಬನ್ನಿ

ಜೋಡಿಗಳು ಉದ್ದ ಸಾಲುಗಳಲ್ಲಿ ಎದುರುಬದುರು ನಿಂತು ಆಡುವ ಕಾಂಟ್ರಾ ನೃತ್ಯದಲ್ಲಿ ಕುಣಿಯುವುದಕ್ಕೆ ಧೈರ್ಯ ಬೇಕಿಲ್ಲ, ಕುಣಿಸುವುದಕ್ಕೆ ಬೇಕು. ಭಾವನವರಲ್ಲಿ ಅದು ಅಗತ್ಯಕ್ಕಿಂತ ಹೆಚ್ಚಾಗಿಯೇ ಇದೆ. ಮ್ಯಾಸಚೂಸೆಟ್ಸ್‌ನ ನಮ್ಮ ಊರಿನ ಟೌನ್ ಹಾಲ್‌ನಲ್ಲಿ ತಿಂಗಳಿಗೊಂದು ಶನಿವಾರ ನಡೆಯುವ ನೃತ್ಯಕ್ಕೆ ಈ ಬಾರಿ ಕಾಲರ್ ಆಗಿ ತಾವೇ ನಿಲ್ಲುವುದಾಗಿ ಒಪ್ಪಿಕೊಂಡು ಬಂದು, ಆಮೇಲೆ ಸುದ್ದಿಯನ್ನು ಅಕ್ಕನಿಗೆ ತಿಳಿಸಿದರು. ಮೊದಲು ಕೇಳಬೇಕಾದವರನ್ನು ಕೊನೆಗೆ ಕೇಳುವುದು ಅವರ ವಂಶದ ಪದ್ಧತಿ. ಹೀಗಾಗಿ ಭಾನುವಾರ ಮಧ್ಯಾಹ್ನ ಅಕ್ಕನ ಅಡುಗೆಮನೆಯಲ್ಲಿ ಮಂಡಳಿ ಸೇರಿತು: ಅಕ್ಕ, ಭಾವ, ಮೃದಂಗ ಕಲಿಯುತ್ತಿರುವ ಡಾಕ್ಟರು, ಮಗನ ಮನೆಗೆಂದು ಕುಂದಾಪುರದಿಂದ ಬಂದು ಹಿಮಕ್ಕೆ ಸಿಕ್ಕಿಬಿದ್ದಿರುವ ನಿವೃತ್ತ ಮೇಷ್ಟರು, ಬಜ್ಜಿಯ ವಾಸನೆ ಹಿಡಿದು ಬಂದ ನಾನು.

"ಕಾಲರ್ ಎಂದರೆ ಏನು ಮಾಡುವವನು?" ಎಂದರು ಮೇಷ್ಟರು.

"ಮೈಕು ಹಿಡಿದು, ಮುಂದೆ ಏನು ಕುಣಿಯಬೇಕೆಂದು ಹೇಳುವವನು."

"ಹಾಗಾದರೆ ಭಾಗವತ. ನಮ್ಮ ಯಕ್ಷಗಾನದ ಭಾಗವತ."

ಭಾವನವರ ಎದೆ ಎರಡು ಇಂಚು ಉಬ್ಬಿತು. ಅಕ್ಕ ತಕ್ಷಣ ಇಳಿಸಿದಳು. "ಭಾಗವತರು ಬೆಳಗಿನ ತನಕ ಹಾಡಬಹುದು. ಇವರು ಪ್ರತಿ ನೃತ್ಯದಲ್ಲಿ ನಾಲ್ಕೈದು ಆವರ್ತನ ಆದ ಮೇಲೆ ಬಾಯಿ ಮುಚ್ಚಬೇಕು. ಅಷ್ಟರಲ್ಲಿ ಜನಕ್ಕೆ ನೃತ್ಯ ಬಂದಿರುತ್ತದೆ. ಬಂದಿರದಿದ್ದರೆ ತಪ್ಪು ಇವರದೇ."

"ಬಾಯಿ ಮುಚ್ಚುವುದೂ ಕೆಲಸದ ಭಾಗವೆ?" ಎಂದು ಡಾಕ್ಟರು ಭಾವನವರನ್ನು ಕನಿಕರದಿಂದ ನೋಡಿದರು.

ಭಾವ ಲ್ಯಾಪ್‌ಟಾಪ್ ತೆರೆದರು. ಮೊದಲ ಪುಟದಲ್ಲಿ ನೃತ್ಯವಿರಲಿಲ್ಲ, ಇತಿಹಾಸವಿತ್ತು. 1651ರಲ್ಲಿ ಲಂಡನ್ನಿನ ಜಾನ್ ಪ್ಲೇಫೋರ್ಡ್ ಹಳ್ಳಿ ನೃತ್ಯಗಳ ಪುಸ್ತಕ ಅಚ್ಚು ಹಾಕಿದ್ದು, ಆ ನೃತ್ಯ ಫ್ರಾನ್ಸಿಗೆ ಹೋಗಿ ಮೆರೆದದ್ದು, ಅಟ್ಲಾಂಟಿಕ್ ದಾಟಿ ನ್ಯೂ ಇಂಗ್ಲೆಂಡಿಗೆ ಬಂದದ್ದು, ನಗರದವರು ವಾಲ್ಟ್ಸ್, ಕ್ವಾಡ್ರಿಲ್ ಎಂಬ ಬೇರೆ ನೃತ್ಯಗಳ ಹಿಂದೆ ಹೋದಾಗಲೂ ನ್ಯೂ ಹ್ಯಾಂಪ್‌ಷೈರ್, ವರ್ಮಾಂಟ್‌ಗಳ ಹಳ್ಳಿಗರು ಕೈಬಿಡದೆ ಉಳಿಸಿಕೊಂಡದ್ದು. ಆಮೇಲೆ ನ್ಯೂ ಹ್ಯಾಂಪ್‌ಷೈರ್‌ನ ರಾಲ್ಫ್ ಪೇಜ್ (1903–1985): ದಶಕಗಳ ಕಾಲ ಕಾಲರ್ ಆಗಿ ನಿಂತು ನಡೆಗಳ ಕರೆ ಕೊಡುತ್ತ, ಜೊತೆಗೆ ಒಂದು ನೃತ್ಯ ಪತ್ರಿಕೆಯನ್ನೂ ನಡೆಸಿದವರು. ಅವರ ನಂತರದ ತಲೆಮಾರಿನ ಡಡ್ಲಿ ಲಾಫ್‌ಮನ್: ಉದ್ದ ಕೂದಲಿನ ಯುವಕರನ್ನೆಲ್ಲ ಈ ಹಳೆಯ ಸಾಲುಗಳಿಗೆ ಎಳೆದು ತಂದವರು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವವೂ ಅವರಿಗೆ ಸಂದಿತು. ಎಲ್ಲವೂ ನಿಜ, ಎಲ್ಲವೂ ಸ್ವಾರಸ್ಯವೇ.

"ಇದನ್ನು ಯಾವಾಗ ಹೇಳುತ್ತೀರಿ?" ಎಂದಳು ಅಕ್ಕ.

"ಆರಂಭದಲ್ಲಿ. ಹದಿನೈದೇ ನಿಮಿಷ."

"ಇದು ರಾಜ್ಯೋತ್ಸವವಲ್ಲ. ಸ್ವಾಗತ ಭಾಷಣವಿಲ್ಲ, ದೀಪ ಬೆಳಗುವುದಿಲ್ಲ, ಮುಖ್ಯ ಅತಿಥಿಗೆ ಶಾಲು ಹೊದಿಸುವುದಿಲ್ಲ. ನೃತ್ಯದ ಬೂಟು ಹಾಕಿಕೊಂಡು ನಿಂತವರು ಇತಿಹಾಸ ಕೇಳುವುದಿಲ್ಲ."

ಬೂಟಿನ ಮಾತು ಬಂದದ್ದೇ ಚರ್ಚೆ ದಾರಿ ತಪ್ಪಿತು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು, ಮರಳು ಬೂಟಿಗೆ ಮೆತ್ತಿಕೊಂಡು ಒಳಗೆ ಬಂದರೆ ಹಳೆಯ ಮರದ ನೆಲ ಗೀರಿ ಹಾಳಾಗುತ್ತದೆ. ಅದಕ್ಕೇ ಒಳಗಡೆಗೆಂದೇ ಮೆತ್ತನೆಯ ಅಡಿಯ ಶುಚಿಯಾದ ಇನ್ನೊಂದು ಜೊತೆ ತನ್ನಿ ಎಂದು ಬಾಗಿಲಲ್ಲೇ ಬರೆದಿರುತ್ತದೆ. "ಹೊರಗೆ ಬಿಟ್ಟು ಬರಿಗಾಲಲ್ಲಿ ಹೋದರೆ ಮುಗಿಯಿತಲ್ಲ" ಎಂದರು ಮೇಷ್ಟರು. ಪಕ್ಕದವರು ಸುತ್ತುವಾಗ ಬರಿಗಾಲಿನ ಮೇಲೆ ಏನೇನು ಬೀಳುತ್ತದೆ ಎಂದು ಡಾಕ್ಟರು ವಿವರಿಸತೊಡಗಿದರು. ಬಜ್ಜಿ ತಿನ್ನುವ ಹೊತ್ತಿನಲ್ಲಿ ಅದು ಬೇಡವೆಂದು ಎಲ್ಲರೂ ಕೈ ಮುಗಿದೆವು.

ಎರಡನೆಯ ಪುಟದಲ್ಲಿ ಪಟ್ಟಿ. ಹದಿನೆಂಟು ನೃತ್ಯಗಳು, ಐದು ಬಣ್ಣಗಳಲ್ಲಿ. ಭಾವ ಸಾಫ್ಟ್‌ವೇರಿನವರು. ಬಣ್ಣ ಹಚ್ಚಿದ್ದೆಲ್ಲ ಯೋಜನೆ ಎಂಬುದು ಆ ಕುಲದ ನಂಬಿಕೆ.

"ಏಳೂವರೆಯಿಂದ ಹತ್ತೂವರೆ. ಮೂರು ಗಂಟೆ" ಎಂದಳು ಅಕ್ಕ. "ಮಧ್ಯದ ವಿರಾಮ ಕಳೆಯಿರಿ. ವಿರಾಮಕ್ಕೆ ಮೊದಲೊಂದು, ಕೊನೆಗೊಂದು ವಾಲ್ಟ್ಸ್ ಕಳೆಯಿರಿ. ಒಂದು ನೃತ್ಯ ಎಂದರೆ ಬರೀ ಎಂಟು ಹತ್ತು ನಿಮಿಷದ ಕುಣಿತವಲ್ಲ. ಜನ ಜೋಡಿ ಹುಡುಕಬೇಕು, ಸಾಲಾಗಬೇಕು, ಸಂಗೀತವಿಲ್ಲದೆ ಒಮ್ಮೆ ನಡೆದು ನೋಡಬೇಕು, ಮಧ್ಯೆ ನೀರು ಕುಡಿಯಬೇಕು. ಹನ್ನೊಂದು ಹಿಡಿಸಿದರೆ ನಿಮ್ಮ ಪುಣ್ಯ."

"ಎಲ್ಲರೂ ಬೇಗ ಸಾಲಾದರೆ?"

"ಆಗುವುದಿಲ್ಲ. ವಾದ್ಯದವರ ಎದುರಿನ ನಡು ಸಾಲಿಗೇ ಎಲ್ಲರೂ ನುಗ್ಗುತ್ತಾರೆ. ಪಕ್ಕದ ಸಾಲುಗಳು ಖಾಲಿ ಹೊಡೆಯುತ್ತವೆ. ಅವರನ್ನು ಪುಸಲಾಯಿಸಿ ಕಳುಹಿಸುವುದೂ ನಿಮ್ಮದೇ ಕೆಲಸ."

ಏಳು ನೃತ್ಯಗಳು ಅಲ್ಲೇ ಅಳಿದವು. ಉಳಿದವುಗಳ ಮೇಲೂ ಅಕ್ಕನ ಕತ್ತರಿ ಓಡಿತು. ಮೊದಲ ನೃತ್ಯದಲ್ಲೇ ಭಾವ 'ಹೇ' ಇಟ್ಟಿದ್ದರು. ನಾಲ್ವರು ಒಬ್ಬರ ಎಡಕ್ಕೆ ಇನ್ನೊಬ್ಬರ ಬಲಕ್ಕೆ ನುಸುಳುತ್ತ ಹೆಣೆಯುವ ಈ ನಡೆ, ಗೊತ್ತಿದ್ದವರಿಗೆ ಹದಿನಾರು ಎಣಿಕೆಯ ಸುಖ, ಗೊತ್ತಿಲ್ಲದವರಿಗೆ ಸಾರ್ವಜನಿಕ ಅವಮಾನ. ಏಳೂವರೆಗೆ ಬರುವವರಲ್ಲಿ ಅನೇಕರು ಜೀವನದಲ್ಲೇ ಮೊದಲ ಸಲ ಬಂದವರು. ಅವರಿಗೆ ವೃತ್ತ, ಬೆನ್ನಿಗೆ ಬೆನ್ನಾಗಿ ಒಬ್ಬರನ್ನೊಬ್ಬರು ಸುತ್ತಿ ಬರುವ ಡೊಸಿಡೊ, ಉದ್ದ ಸಾಲು ಮುಂದೆ ಹೋಗಿ ಹಿಂದೆ ಬರುವುದು, ಇಬ್ಬರು ಹಿಡಿದುಕೊಂಡು ಗಿರಗಿರನೆ ಸುತ್ತುವ ಸ್ವಿಂಗ್: ಇಷ್ಟು ಸಾಕು. ಆಮೇಲೆ ಒಂದೊಂದು ನೃತ್ಯಕ್ಕೆ ಒಂದೊಂದೇ ಹೊಸ ನಡೆ. ಮೂರನೆಯದರಲ್ಲಿ, ಇಬ್ಬರು ಬಲಗೈ ಹಿಡಿದು ಎದುರಿನ ಬದಿಗೆ ದಾಟುವ ಚೈನ್, ವಿರಾಮಕ್ಕೆ ಮುಂಚೆ ಹೇ. ವಿರಾಮದಲ್ಲಿ ಬಿಸ್ಕತ್ತು ತಿಂದು ಹೊಸಬರು ಮನೆಗೆ ಹೋಗುತ್ತಾರೆ. ಹಳಬರು ಉಳಿಯುತ್ತಾರೆ. ಆಗ ಬೇಕಾದರೆ ಬುದ್ಧಿವಂತಿಕೆ ತೋರಿಸಿ. ಅದೂ ಹತ್ತು ಗಂಟೆಯ ತನಕ. ಆಮೇಲೆ ಹಳಬರ ತಲೆಯೂ ಓಡುವುದಿಲ್ಲ.

ಈ ಕ್ರಮ ನನಗೆ ಸರಿಯೆನಿಸಿತು. ಎಷ್ಟೋ ಕಾಲರ್‌ಗಳು ತಮ್ಮ ಜಾಣತನದ ಪ್ರದರ್ಶನಕ್ಕೇ ಸಂಜೆಯನ್ನು ಕಟ್ಟುತ್ತಾರೆ. ಕುಣಿಯುವವರು ತಮ್ಮನ್ನು ತಾವು ದಡ್ಡರೆಂದುಕೊಂಡು ಮರಳುತ್ತಾರೆ.

ಪಟ್ಟಿಯ ಇನ್ನೊಂದು ಅಂಕಣ ಸಂಗೀತದ್ದು. ಕೋರಸ್ ಜಿಗ್ ಎಂಬ ಹಳೆಯ ನೃತ್ಯವನ್ನು ಭಾವ ಹೆಸರು ನೋಡಿ ಜಿಗ್ ರಾಗಗಳ ಗುಂಪಿಗೆ ಸೇರಿಸಿದ್ದರು. ಅದರ ರಾಗ ರೀಲ್, ಜಿಗ್‌ನಂತೆ ಮೂರು ಮೂರಾಗಿ ಅಲ್ಲ, ನಾಲ್ಕು ನಾಲ್ಕಾಗಿ ಓಡುವಂಥದ್ದು. "ಇದನ್ನು ಹಾಗೇ ಪಿಟೀಲಿನವಳ ಕೈಗೆ ಕೊಟ್ಟಿದ್ದರೆ ಅವಳು ನಿಮ್ಮನ್ನು ಆ ರಾತ್ರಿಯಿಡೀ ನೋಡಿ ನಗುತ್ತಿದ್ದಳು" ಎಂದಳು ಅಕ್ಕ. ರಾಗ ಆಯುವುದು ವಾದ್ಯದವರಿಗೇ ಬಿಟ್ಟ ವಿಷಯ. ಇಲ್ಲಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತುಳಿಯುವ ಬಾಲೆನ್ಸ್ ಇದೆ, ಹೆಜ್ಜೆ ಗಟ್ಟಿಯಾಗಿ ಬೀಳುವಂಥದ್ದು ಬೇಕು, ಅಲ್ಲಿ ತೇಲುವಂಥದ್ದು ಬೇಕು ಎಂದು ಕಾಲರ್ ಸೂಚಿಸಿದರೆ ಸಾಕು. ಇನ್ನು ಮೂರೇ ಸಲ ಎನ್ನುವಾಗ ಮೂರು ಬೆರಳು ತೋರಿಸಬೇಕು. ತೋರಿಸಲು ಮರೆತರೆ ಅವರು ನುಡಿಸುತ್ತಲೇ ಇರುತ್ತಾರೆ. ಅವರಿಗೇನು, ಕುಳಿತಿದ್ದಾರೆ.

ಡಾಕ್ಟರು ಆಗಲೇ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. "ಒಂದು ಸುತ್ತು ಎಷ್ಟು ಎಣಿಕೆ?"

"64. ರಾಗದ ಎ ಭಾಗ ಎರಡು ಸಲ, ಬಿ ಭಾಗ ಎರಡು ಸಲ, ಒಂದೊಂದೂ ಹದಿನಾರು."

"ಅಂದರೆ ಆದಿತಾಳದ ಎಂಟು ಆವರ್ತನ!" ಡಾಕ್ಟರ ಮುಖ ಬೆಳಗಿತು. "ಮೊದಲೇ ಹೇಳಬಾರದೆ? ನಾನೇ ಕರೆ ಕೊಡುತ್ತಿದ್ದೆ."

"ಎಣಿಸಿದರೆ ಸಾಲದು ಡಾಕ್ಟರೆ, ಮುಂಚೆ ಹೇಳಬೇಕು. ಸ್ವಿಂಗ್ ಒಂದನೆಯ ಎಣಿಕೆಗೆ ಶುರುವಾಗುವುದಾದರೆ ಆ ಮಾತು ಹಿಂದಿನ ನಡೆಯ ಕೊನೆಯ ನಾಲ್ಕು ಎಣಿಕೆಯಲ್ಲಿ ಮುಗಿದಿರಬೇಕು. ಒಂದಕ್ಕೆ ಸರಿಯಾಗಿ ಹೇಳಿದರೆ ಅವರು ಮೂರಕ್ಕೆ ಹೊರಡುತ್ತಾರೆ, ಮುಂದಿನದೆಲ್ಲ ತಡ."

ಭಾವ ಅಭ್ಯಾಸ ಮಾಡಿ ತೋರಿಸಿದರು. ಪ್ರತಿ ಕರೆಗೂ ಮೊದಲು "ಈಗ ನೀವೆಲ್ಲರೂ ದಯವಿಟ್ಟು" ಎಂದು ಸೇರಿಸುತ್ತಿದ್ದರು. ಸೌಜನ್ಯ ಮುಗಿಯುವ ಹೊತ್ತಿಗೆ ಎಣಿಕೆಯೂ ಮುಗಿದಿರುತ್ತಿತ್ತು.

ಮೇಷ್ಟರಿಗೆ ಒಂದೇ ಸಂಶಯ ಉಳಿದಿತ್ತು. "ಗಂಡಸರು ಎಲ್ಲಿ, ಹೆಂಗಸರು ಎಲ್ಲಿ?"

"ಈಗ ಹಾಗಿಲ್ಲ" ಎಂದರು ಭಾವ, ಸ್ವಲ್ಪ ಅಂಜುತ್ತಲೇ. ಎಡಕ್ಕೆ ನಿಂತವರು ಲಾರ್ಕ್, ಬಲಕ್ಕೆ ನಿಂತವರು ರಾಬಿನ್, ಯಾರು ಏನಾದರೂ ಆಗಬಹುದು ಎಂಬ ಪದ್ಧತಿ ಈಚಿನ ವರ್ಷಗಳಲ್ಲಿ ಬಹಳ ಕಡೆ ಬಂದಿದೆ. ಊರಿನ ಹಿರಿಯರು ಏನೆನ್ನುತ್ತಾರೋ ಎಂದು ಭಾವನವರ ಚಿಂತೆ.

"ನಾನು ಕಾಲೇಜಿನ ದಿನಗಳಲ್ಲಿ ಸ್ತ್ರೀವೇಷವನ್ನೇ ಹಾಕುತ್ತಿದ್ದೆ. ನನಗೆ ರಾಬಿನ್ ಕೊಡಿ" ಎಂದು ಮೇಷ್ಟರು ಪಂಚೆ ಬಿಗಿದು ಎದ್ದು ನಿಂತರು.

ಎದ್ದ ಮೇಲೆ ಕೂರಿಸುವುದು ಹೇಗೆ? ಮೇಜು ಸರಿಸಿದೆವು. ನಾಲ್ವರು ಸಿಕ್ಕಿದರೆ ಒಂದು ಗುಂಪು. ಅಕ್ಕ ಮತ್ತು ಡಾಕ್ಟರು ಒಂದು ಜೋಡಿ, ನಾನು ಮತ್ತು ಮೇಷ್ಟರು ಇನ್ನೊಂದು. ಕರೆಗೆ ಭಾವ, ಕೈಯಲ್ಲಿ ಮೈಕಿನ ಬದಲು ಸೌಟು. ಮೊಬೈಲಿನಿಂದ ಪಿಟೀಲು ಹೊರಟಿತು.

ಸ್ವಿಂಗ್‌ನಲ್ಲಿ ಜೊತೆಗಾರರ ಕಣ್ಣನ್ನೇ ನೋಡಬೇಕು, ಇಲ್ಲವಾದರೆ ತಲೆ ತಿರುಗುತ್ತದೆ ಎಂದು ಭಾವ ಕೂಗಿದರು. "ನನ್ನ ಹೆಂಡತಿಯ ಕಣ್ಣನ್ನೇ ಇಷ್ಟು ಹೊತ್ತು ನೋಡಿದವನಲ್ಲ ನಾನು" ಎಂದರು ಮೇಷ್ಟರು. ಸಂಕೋಚವಿದ್ದರೆ ಕಿವಿ ನೋಡಬಹುದು ಎಂದು ಅಕ್ಕ ವಿನಾಯಿತಿ ಕೊಟ್ಟಳು. ಮೇಷ್ಟರು ನನ್ನ ಬಲಗಿವಿಯನ್ನು ಎಷ್ಟು ಶ್ರದ್ಧೆಯಿಂದ ನೋಡಿದರೆಂದರೆ, ಅದನ್ನು ತೊಳೆದಿದ್ದೇನೆಯೇ ಎಂಬ ಚಿಂತೆಯಲ್ಲಿ ನನ್ನ ಎಣಿಕೆ ತಪ್ಪಿತು. ಆದರೆ ಅವರು ಭಾರ ಕೊಟ್ಟ ರೀತಿ ಮಾತ್ರ ಅಪ್ಪಟ. ಇಬ್ಬರೂ ತುಸು ಹಿಂದಕ್ಕೆ ವಾಲಿ, ಒಬ್ಬರನ್ನೊಬ್ಬರು ನಂಬಿ ಸುತ್ತಬೇಕಾದ ಆ ಹದ ಹೊಸಬರಿಗೆ ಬೇಗ ಬರುವುದಿಲ್ಲ. ಗೆಜ್ಜೆ ಕಟ್ಟಿದ ಕಾಲಿಗೆ ಬಂದುಬಿಟ್ಟಿತು.

64 ಮುಗಿಯಿತು. ಈಗ ಪ್ರತಿ ಜೋಡಿ ಒಂದು ಸ್ಥಾನ ಮುಂದೆ ಸರಿದು ಹೊಸ ಜೋಡಿಯನ್ನು ಎದುರುಗೊಳ್ಳಬೇಕು. ಇಡೀ ಸಾಲಿನ ಪರಿಚಯವಾಗುವುದು ಹಾಗೆ. ನಾವು ಸರಿದೆವು. ಅಕ್ಕ ಮತ್ತು ಡಾಕ್ಟರ ಎದುರು ಸಿಂಕ್ ಇತ್ತು. ನನ್ನ ಮತ್ತು ಮೇಷ್ಟರ ಎದುರು ಫ್ರಿಜ್ ಇತ್ತು.

"ಸಾಲಿನ ತುದಿಗೆ ಬಂದವರು ಒಂದು ಸುತ್ತು ಸುಮ್ಮನೆ ನಿಲ್ಲಬೇಕು" ಎಂದಳು ಅಕ್ಕ, ಸಿಂಕಿಗೆ ಬೆನ್ನು ತಿರುಗಿಸುತ್ತ. "ಜಾಗ ಬದಲಿಸಿಕೊಂಡು ಕಾಯಬೇಕು. ಮುಂದಿನ ಸುತ್ತಿಗೆ ಒಳಗೆ ಬರಬೇಕು."

ಎರಡೇ ಜೋಡಿಯ ಸಾಲು. ಎರಡೂ ತುದಿಯಲ್ಲೇ. ಕುಣಿಯಲು ಒಬ್ಬರೂ ಉಳಿದಿರಲಿಲ್ಲ. ಪಿಟೀಲು ಮಾತ್ರ ನಿಲ್ಲಲಿಲ್ಲ, ಆದ್ದರಿಂದ ಭಾವನವರೂ ನಿಲ್ಲಲಿಲ್ಲ. ಸೌಟು ಎತ್ತಿ, ಬರಿದಾದ ಅಡುಗೆಮನೆಯ ನೆಲಕ್ಕೆ ಸ್ಪಷ್ಟವಾಗಿ, ಒಂದೊಂದು ನಡೆಯನ್ನೂ ನಾಲ್ಕು ಎಣಿಕೆ ಮುಂಚಿತವಾಗಿ, ದಯವಿಟ್ಟು ಎಂಬ ಮಾತಿಲ್ಲದೆ, ಎ ಎರಡು, ಬಿ ಎರಡು, ಎಲ್ಲವನ್ನೂ ಹೇಳಿದರು. ಒಂದೂ ತಪ್ಪಲಿಲ್ಲ.

"ಈ ಸುತ್ತು ಎಷ್ಟು ಹೊತ್ತು?" ಎಂದು ಮೇಷ್ಟರು ನನ್ನ ಕಿವಿಯಲ್ಲಿ ಕೇಳಿದರು.

"ಅರ್ಧ ನಿಮಿಷದ ಆಸುಪಾಸು."

"ಸಾಕು" ಎಂದು ಅವರು ಫ್ರಿಜ್ ತೆರೆದು ಮೊಸರನ್ನದ ಪಾತ್ರೆ ಹೊರಗೆಳೆದರು.